ಇಂಜಿನ್ನಿನ ಉಸಿರು ನೋಡುವ ಕಾಂತೇಶ

ಶಹಾಪುರದ ಯಾದಗಿರಿ ರಸ್ತೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೇವಿನ ಮರದ ಕೆಳಗಿನ ತಗಡಿನ ಶೆಡ್ಡಿನಲ್ಲಿ ಹಳೆಯ ಲಾರಿಯೊಂದು ಬಾನೆಟ್ ತೆರೆದುಕೊಂಡು ನಿಂತಿದೆ. ಅದರೊಳಗೆ ಅರ್ಧ ಮೈ ಇಳಿಸಿದವರು ಮೆಕ್ಯಾನಿಕ್ ಕಾಂತೇಶ. ಅವರ ಬಗ್ಗೆ ಬರೆಯಲು ಬಂದ ನಾನು ನಮಸ್ಕಾರ ಅನ್ನುತ್ತೇನೆ, ಉತ್ತರವಿಲ್ಲ. ಜೋರಾಗಿ ಅನ್ನುತ್ತೇನೆ, ಆಗಲೂ ಇಲ್ಲ. ಎಂಥ ಜಂಬದ ಮನುಷ್ಯನಪ್ಪಾ ಅಂದುಕೊಳ್ಳುವಷ್ಟರಲ್ಲಿ ಅವರ ಕಣ್ಣು ನನ್ನ ಚಪ್ಪಲಿಯ ಮೇಲೆ ಬೀಳುತ್ತದೆ.

"ಎಡಗಡೆ ಬರ್ರಿ. ಬಲಗಿವಿ ಪೂರಾ ಬಂದ್ ಆಗ್ಯದ. ಎಡಗಿವಿ ಒಂದೀಟು ನಡೀತದ."

ಮೆಕ್ಯಾನಿಕ್‌ಗೆ ಕಿವಿ ಕೇಳುವುದಿಲ್ಲ ಅಂದರೆ ನಗುವವರೇ ಹೆಚ್ಚು. ವರ್ಷಗಟ್ಟಲೆ ಇಂಜಿನ್ ಪಕ್ಕ ತಲೆಯಿಟ್ಟದ್ದಕ್ಕೆ ಸಿಕ್ಕ ಬಹುಮಾನ ಇದು. ಈಗ ಅವರ ಕೆಲಸವೆಲ್ಲ ಕಣ್ಣಿನದು, ಅಂಗೈಯದು. ಅಂಗೈಯಗಲದ ಗಡಿಯಾರದಂಥ ವ್ಯಾಕ್ಯೂಮ್ ಗೇಜ್ ಒಂದಿದೆ. ಪೆಟ್ರೋಲ್ ಇಂಜಿನ್ ಎಷ್ಟು ಬಲವಾಗಿ ಗಾಳಿ ಎಳೆದುಕೊಳ್ಳುತ್ತಿದೆ ಎಂಬುದನ್ನು ಅದರ ಮುಳ್ಳು ತೋರಿಸುತ್ತದೆ. ಇಪ್ಪತ್ತರ ಆಸುಪಾಸು ಅಲುಗದೆ ನಿಂತರೆ ಇಂಜಿನ್ ಗಟ್ಟಿ. ನಡುಗಿದರೆ ಅಥವಾ ಕುಸಿದರೆ ಎಲ್ಲೋ ತೊಂದರೆ ಇದೆ ಅಂತ. ಈಗಿನ ಲಾರಿಗಳೆಲ್ಲ ಡೀಸೆಲ್, ಅವಕ್ಕೆ ಈ ಗೇಜ್ ಬೇಕಾಗುವುದಿಲ್ಲ. ದಿನಕ್ಕೊಂದು ಗಾಡಿ ಬಂದರೆ ಪುಣ್ಯ. ಬಾರದ ದಿನಗಳಲ್ಲಿ ಕಾಂತೇಶ ಸ್ಪ್ಯಾನರ್‌ಗಳನ್ನು ಒರೆಸಿಡುತ್ತಾರೆ. ಮಧ್ಯಾಹ್ನ ಮತ್ತೆ ಅವನ್ನೇ ಒರೆಸುತ್ತಾರೆ.

"ಕಿವಿ ಹೋದ ಮ್ಯಾಲ ಮಂದಿ ಬರೋದು ಬಿಡಲಿಲ್ರಿ, ಮಾತಾಡೋದು ಬಿಟ್ರು," ಅನ್ನುತ್ತಾರೆ. "ಗಾಡಿ ತೋರಸ್ತಾರ, ಚಾ ಕುಡಿಯಾಕ ಹೋಗ್ತಾರ. ಮನ್ಯಾಗ ಹೆಂಡ್ತಿ ಬಾಲಮ್ಮ ಒದರಿ ಒದರಿ ದಣದಾಳ. ಅಕಿದೇನು ತಪ್ಪಿಲ್ಲ ಬಿಡ್ರಿ."

ಹತ್ತಿರದ ಗೋಗಿ ಊರಿನ ಕೂಲಿ ಮನೆತನದ ಹುಡುಗ ಕಾಂತೇಶ ಶಹಾಪುರಕ್ಕೆ ಬಂದದ್ದು ಗ್ಯಾರೇಜಿನಲ್ಲಿ ಎಣ್ಣೆ ಮೆತ್ತಿದ ಸಾಮಾನು ತೊಳೆಯಲು. ಅಲ್ಲಿ ಜೊತೆಗೆ ಸಿಕ್ಕವರು ಬಾಷುಮಿಯಾ. ಮುಂದೆ ಇಬ್ಬರೂ ಸೇರಿಯೇ ಈ ಶೆಡ್ಡು ಹಾಕಿದರು. ಬಾಷುಮಿಯಾ ಸೀಟಿನಲ್ಲಿ ಕೂತು ಆಕ್ಸಿಲರೇಟರ್ ತುಳಿಯುವುದು, ಕಾಂತೇಶ ಮುಂದೆ ನಿಂತು ಮುಳ್ಳು ನೋಡುವುದು. ಆ ಗದ್ದಲದಲ್ಲಿ ಮಾತು ನಡೆಯುವುದಿಲ್ಲ ಎಂದು ಇಬ್ಬರೂ ತಟ್ಟುವ ಭಾಷೆ ಮಾಡಿಕೊಂಡಿದ್ದರು. ಕಾಂತೇಶ ಮಡ್‌ಗಾರ್ಡನ್ನು ಒಂದು ಸಲ ತಟ್ಟಿದರೆ ತುಳಿ, ಎರಡು ಸಲ ತಟ್ಟಿದರೆ ಬಿಡು. ತಿಳಿಯಿತು ಅನ್ನಲು ಬಾಷುಮಿಯಾ ಕೈ ಹೊರಚಾಚಿ ಬಾಗಿಲು ತಟ್ಟುತ್ತಿದ್ದರು. ಆ ಪೆಟ್ಟು ತಗಡಿನಲ್ಲಿ ಹರಿದು ಕಾಂತೇಶರ ಅಂಗೈಗೆ ಮುಟ್ಟುತ್ತಿತ್ತು.

"ಕಿವಿ ಹೋಗಿದ್ದು ನನಗ ಭಾಳ ದಿನ ಗೊತ್ತೇ ಆಗಲಿಲ್ರಿ. ಬಾಷು ಇದ್ದನಲ್ಲ."

ಬಾಷುಮಿಯಾ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಅಂದಿನಿಂದ ಆಕ್ಸಿಲರೇಟರ್ ಎಳೆದು ಹಿಡಿಯಲು ಒಂದು ತಂತಿ ಬಂದಿದೆ. ತಂತಿ ಕಟ್ಟುವ ಮೊದಲು ಕಾಂತೇಶ ಈಗಲೂ ಮಡ್‌ಗಾರ್ಡ್ ತಟ್ಟುತ್ತಾರೆ, ತಟ್ಟಿ ಒಂದು ಗಳಿಗೆ ಕಾಯುತ್ತಾರೆ. ಯಾಕೆ ಅಂದರೆ "ರೂಢಿರಿ" ಅನ್ನುತ್ತಾರೆ.

ಇವತ್ತು ಶೆಡ್ಡಿನಲ್ಲಿರುವುದು ಬಾಷುಮಿಯಾ ಅವರದೇ ಲಾರಿ. ಮಿಲಿಟರಿಯವರು ಹರಾಜು ಹಾಕಿದ ಪೆಟ್ರೋಲ್ ಗಾಡಿ ಅದು. ನಾಲ್ಕೂ ಚಕ್ರ ಎಳೆಯುತ್ತವೆ. ಕಾಲುವೆ ಕೆಳಗಿನ ಕೆಸರುಗದ್ದೆಗೆ ಇಳಿದು ಭತ್ತದ ಚೀಲ ಹೊತ್ತು ತರಲು ಬೇರೆ ಲಾರಿಗಳು ಹೆದರುತ್ತವೆ, ಇದು ಹೆದರುವುದಿಲ್ಲ. ಈಗ ಇದನ್ನು ಓಡಿಸುವವಳು ಅವರ ಮಗಳು ನುಜ್ಹತ. ಅಪ್ಪ ಹೋದಾಗಿನಿಂದ ನಿಂತೇ ಇದ್ದ ಗಾಡಿಯನ್ನು ಸುಗ್ಗಿ ಬಂತೆಂದು ಹೊರತೆಗೆದರೆ, ಖಾಲಿ ಇದ್ದರೂ ಗೋಗಿ ರಸ್ತೆಯ ಸಣ್ಣ ಏರು ಹತ್ತಲೊಲ್ಲದು. ತೋರಿಸಿದ ಗ್ಯಾರೇಜುಗಳಲ್ಲಿ ಇಂಜಿನ್ ಮುಗಿದಿದೆ, ಬಿಚ್ಚಿಯೇ ಕಟ್ಟಬೇಕು ಅಂದರಂತೆ. ಅಷ್ಟು ಖರ್ಚು ಮಾಡುವ ಶಕ್ತಿ ಆಕೆಗಿಲ್ಲ. ಮಧ್ಯಾಹ್ನ ಗುಜರಿಯವನು ಬರುವವನಿದ್ದಾನೆ.

"ಇದು ಗುಜರಿಗೆ ಹೋದ್ರ ಬಾಷುನ ಕೈ ಮುಟ್ಟಿದ್ದು ನನ್ನ ಹಂತ್ಯಾಕ ಏನೂ ಉಳಿಯಂಗಿಲ್ಲ," ಅನ್ನುತ್ತಾ ಕಾಂತೇಶ ಇಂಜಿನ್ ಚಾಲೂ ಮಾಡುತ್ತಾರೆ.

ಗೇಜ್ ಜೋಡಿಸಿ, ಮೊದಲು ಗಾಳಿ ಎಳೆಯುವ ಕೊಳವೆಗಳ ಜೋಡಣೆಗೆಲ್ಲ ಸೋಪಿನ ನೀರು ಬಿಡುತ್ತಾರೆ. ಮುಳ್ಳು ಅಲುಗುವುದಿಲ್ಲ, ಅಂದರೆ ಗಾಳಿ ಸೋರುತ್ತಿಲ್ಲ. ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕೀಳುತ್ತಾರೆ. ಪ್ರತಿ ಸಲವೂ ಮುಳ್ಳು ಅಷ್ಟಷ್ಟೇ ಇಳಿಯುತ್ತದೆ, ಅಂದರೆ ಸಿಲಿಂಡರುಗಳೆಲ್ಲ ಸಮನಾಗಿ ದುಡಿಯುತ್ತಿವೆ. ಕೊನೆಗೆ ಮಡ್‌ಗಾರ್ಡ್ ತಟ್ಟಿ, ಕಾದು, ತಂತಿ ಎಳೆದು ಕಟ್ಟುತ್ತಾರೆ. ಇಂಜಿನ್ ಜೋರಾಗುತ್ತದೆ. ಮುಳ್ಳು ಮೇಲೇರಿ ನಿಲ್ಲಬೇಕಿತ್ತು, ಮೆಲ್ಲಗೆ ಇಳಿಯತೊಡಗುತ್ತದೆ.

"ನೋಡ್ರಿ ಇಲ್ಲಿ! ಉಸರು ಒಳಗ ಎಳಕೋತದ, ಹೊರಗ ಬಿಡಾಕ ಆಗವಲ್ದು."

ಹೊಗೆ ಹೋಗುವ ಪೈಪನ್ನು ಇಂಜಿನ್ ಕಡೆಯಿಂದ ಬಿಚ್ಚುತ್ತಾರೆ. ಮತ್ತೆ ಚಾಲೂ ಮಾಡಿದಾಗ ಆ ಅಬ್ಬರಕ್ಕೆ ಚಹಾದಂಗಡಿಯವರು ಕಿವಿ ಮುಚ್ಚಿಕೊಂಡು ಬೈಯುತ್ತಾರೆ. ಕಾಂತೇಶರಿಗೆ ಆ ತೊಂದರೆಯಿಲ್ಲ. ಅವರು ನೋಡುತ್ತಿರುವ ಮುಳ್ಳು ಈಗ ಇಪ್ಪತ್ತರಲ್ಲಿ ಕದಲದೆ ನಿಂತಿದೆ.

ಅಷ್ಟರಲ್ಲಿ ನುಜ್ಹತ ಬರುತ್ತಾಳೆ. ಕಾಂತೇಶ ಪೈಪಿನ ಹಿಂಬದಿಗೆ ಕಬ್ಬಿಣದ ಕೊಕ್ಕೆ ತೂರಿಸಿ ಜಗ್ಗುತ್ತಿದ್ದಾರೆ. ಕರಿ ಉಂಡೆಯೊಂದು ಜಾರಿ ಬೀಳುತ್ತದೆ. ಬಿಡಿಸಿದರೆ ಮಡಿಕೆಯೊಳಗೆ ಹಸಿರು ಚೌಕಡಿ ಕಾಣುತ್ತದೆ.

"ಅಬ್ಬಾನ ಲುಂಗಿ ಇದು, ಕಾಕಾ!" ಎಂದು ನುಜ್ಹತ ಅವರ ಎಡಗಿವಿಯ ಹತ್ತಿರ ಕೂಗುತ್ತಾಳೆ.

ಕಾಂತೇಶ ಮೊದಲು ನಗುತ್ತಾರೆ. ಆಮೇಲೆ ಸಿಟ್ಟಿಗೇಳುತ್ತಾರೆ. "ಮಳಿಗಾಲ ಬಂತಂದ್ರ ಇದೇ ಹಣೇಬರ. ನೀರು ಹೋಗಬಾರ್ದಂತ ಅರಿವಿ ತುರುಕೋದು, ಹುಡುಗ್ರು ಕೀಳಬಾರ್ದಂತ ಕೋಲಿಲೆ ಒಳಗ ದೂಡೋದು. ಗಾಡಿ ಹೊರಡೋ ಮುಂಚೆ ತಾನೇ ತಗೀತಿದ್ದ. ಬ್ಯಾಡೋ ಅಂತ ಎಷ್ಟು ಹೇಳೇನಿ! ಹುಚ್ಚ..." ಕಳೆದ ಮಳೆಗಾಲದಲ್ಲಿ ಅರಿವೆ ತುರುಕಿ ಆಸ್ಪತ್ರೆಗೆ ಹೋದ ಬಾಷುಮಿಯಾ ಅದನ್ನು ತೆಗೆಯಲು ಮರಳಿ ಬರಲಿಲ್ಲ. ಕಾಂತೇಶ ಆ ಕರಿ ಲುಂಗಿಯಲ್ಲೇ ಕಣ್ಣು ಒರೆಸಿಕೊಳ್ಳುತ್ತಾರೆ, ಮುಖವೆಲ್ಲ ಮಸಿ.

ನುಜ್ಹತ ಗುಜರಿಯವನಿಗೆ ಫೋನ್ ಮಾಡಿ ಬರಬೇಡ ಅನ್ನುತ್ತಾಳೆ. ಪೈಪ್ ಜೋಡಿಸಿ ಆಗಿದೆ, ಕೊನೆಯ ಪರೀಕ್ಷೆಯೊಂದು ಬಾಕಿ. ಕಾಂತೇಶ ತಂತಿಗೆ ಕೈ ಹಾಕುವಷ್ಟರಲ್ಲಿ ಆಕೆ ಸೀಟಿಗೆ ಹತ್ತಿ ಕೂತು ಇಂಜಿನ್ ಚಾಲೂ ಮಾಡುತ್ತಾಳೆ. ಚಿಕ್ಕವಳಿದ್ದಾಗ ಅದೇ ಸೀಟಿನಲ್ಲಿ ಅಪ್ಪನ ಮಗ್ಗುಲಿಗೆ ಕೂತು ಎಲ್ಲ ನೋಡಿದವಳು. ಕಾಂತೇಶ ಮಡ್‌ಗಾರ್ಡ್ ಒಂದು ಸಲ ತಟ್ಟಿ, ರೂಢಿಯಂತೆ ಕೈ ಅಲ್ಲೇ ಇಟ್ಟು ಕಾಯುತ್ತಾರೆ.

ನುಜ್ಹತ ಕೈ ಹೊರಚಾಚಿ ಬಾಗಿಲು ತಟ್ಟುತ್ತಾಳೆ.

ಇಂಜಿನ್ ಜೋರಾಗುತ್ತದೆ, ಮುಳ್ಳು ಏರಿ ಇಪ್ಪತ್ತರಲ್ಲಿ ನಿಲ್ಲುತ್ತದೆ. ಕಾಂತೇಶ ಮುಳ್ಳು ನೋಡುತ್ತಿಲ್ಲ. ತಗಡಿನ ಮೇಲಿರುವ ತಮ್ಮ ಅಂಗೈಯನ್ನೇ ನೋಡುತ್ತಿದ್ದಾರೆ. ಬಿಡು ಎಂದು ಎರಡು ಸಲ ತಟ್ಟುವುದು ಅವರಿಗೆ ಎಷ್ಟೋ ಹೊತ್ತು ನೆನಪಾಗುವುದಿಲ್ಲ.

ಹೊರಡುವ ಮೊದಲು ನಿಮಗೇನು ಆಸೆ ಇದೆ ಎಂದು ಎಡಗಿವಿಗೆ ಕೂಗಿ ಕೇಳುತ್ತೇನೆ. ಅವರು ಲಾರಿ ತಿರುಗಿಸುತ್ತಿರುವ ನುಜ್ಹತಳ ಕಡೆ ಹೊರಳುತ್ತಾರೆ.

"ಸುಗ್ಗಿ ಮುಗದ ಮ್ಯಾಲ ಗಾಡಿ ತಗೊಂಡು ಬಾರವ್ವಾ. ಕೆಡದಿದ್ರೂ ತಗೊಂಡು ಬಾ."