ಕಿಟಕಿಯ ಬಲಭಾಗದ ನೀಲಿ

ಬೆಳಗ್ಗೆ ಹತ್ತೂಕಾಲಿಗೆ ಅಂಗಡಿಯ ಹೊಸ್ತಿಲ ಮೇಲೆ ನಿಂತು ನೂಲಕ್ಕ ಎಡಗಣ್ಣು ಮುಚ್ಚಿದಳು. ಕೈಯಲ್ಲಿದ್ದ ಪುಸ್ತಕದ ಹಾಳೆಗೆ ಎರಡು ದಾರದ ತುಂಡುಗಳನ್ನು ಪಕ್ಕಪಕ್ಕದಲ್ಲಿ ಹೊಲಿದಿತ್ತು. ಒಂದು ತಿಳಿನೀಲಿ. ಇನ್ನೊಂದು ಪಾಚಿ ಕಟ್ಟಿದ ನೀರಿನ ಬೂದುಹಸಿರು. ಎಡಗಣ್ಣು ತೆರೆದು ಬಲಗಣ್ಣು ಮುಚ್ಚಿದಳು. ಎರಡೂ ಅವಳಿ ಮಕ್ಕಳ ಹಾಗೆ ಒಂದೇ ಬಣ್ಣವಾದವು. ಮತ್ತೆ ಆ ಕಣ್ಣು, ಮತ್ತೆ ಈ ಕಣ್ಣು.

"ಏನು ನೂಲಕ್ಕ, ಈ ವಯಸ್ಸಲ್ಲಿ ಯಾರಿಗೆ ಕಣ್ಣು ಹೊಡೀತಿದ್ದೀರಿ?" ಎಂದು ಎದುರಿನ ಬೀಗದಂಗಡಿಯವನು ಕೂಗಿದ. ಬೇರೆ ದಿನವಾಗಿದ್ದರೆ ಅವನಿಗೆ ತಕ್ಕ ಉತ್ತರ ಸಿಗುತ್ತಿತ್ತು.

ಅವಳ ಬಲಗಣ್ಣಿನ ಪೊರೆ ತೆಗೆಸಿ ಇಪ್ಪತ್ತು ದಿನವಾಗಿತ್ತು. ಎಡಗಣ್ಣಿನದು ಇನ್ನೂ ಬಾಕಿ. ಪೊರೆ ಬಲಿಯುತ್ತಾ ಹೋದಂತೆ ಕಣ್ಣಿನೊಳಗಿನ ಮಸೂರ ಹಳದಿಗೆ ತಿರುಗುತ್ತದೆ, ನೀಲಿ ಅದರಲ್ಲಿ ಸೋಸಿಹೋಗುತ್ತದೆ, ವರ್ಷಗಟ್ಟಲೆ ನಿಧಾನವಾಗಿ ಆಗುವುದರಿಂದ ನೋಡುವವರಿಗೇ ಗೊತ್ತಾಗುವುದಿಲ್ಲ. ಹೆಚ್ಚಿನವರಿಗೆ ಇದರಿಂದ ನಷ್ಟವೇನಿಲ್ಲ. ನೂಲಕ್ಕನ ಅನ್ನ ಮಾತ್ರ ಬಣ್ಣದ್ದು.

ದಾರ, ಗುಂಡಿ, ಲೇಸು ಮಾರುವ ಆ ಅಂಗಡಿಯಲ್ಲಿ ಅವಳದು ಮೂವತ್ತಮೂರು ವರ್ಷದ ಕೆಲಸ. ಕಸೂತಿ ಅರ್ಧವಾಗಿರುವಾಗ ದಾರ ಮುಗಿಯುತ್ತದೆ, ಕೇಳಲು ಹೋದರೆ ಕಂಪನಿ ಆ ನಂಬರನ್ನೇ ನಿಲ್ಲಿಸಿರುತ್ತದೆ. ಆಗ ಜನ ಬೆರಳುದ್ದದ ತುಂಡೊಂದನ್ನು ಹಿಡಿದು ಅವಳ ಹತ್ತಿರ ಬರುತ್ತಿದ್ದರು. ಬದಲಿ ದಾರ ಹುಡುಕುವುದಕ್ಕೆ ಅವಳಲ್ಲಿ ಕ್ರಮವಿತ್ತು. "ಟ್ಯೂಬ್‌ಲೈಟು ಸುಳ್ಳು ಹೇಳುತ್ತೆ, ಹೊಸ್ತಿಲಿಗೆ ಬನ್ನಿ" ಎನ್ನುವಳು. ಹೊಲಿದ ಬಟ್ಟೆಯನ್ನೇ ತಂದಿದ್ದರೆ ತಿರುಗಿಸಿ ಬೆನ್ನು ನೋಡುವಳು, ಏಕೆಂದರೆ ಮುಖ ಬಿಸಿಲಿಗೆ ಬಾಡಿರುತ್ತದೆ. ಒಂದೇ ಒಂದು ಎಳೆ ಬಿಡಿಸಿ, ಹೊಸ ದಾರದ ಮೇಲೆ ಅಡ್ಡ ಇಟ್ಟು, ಆ ಎಳೆ ಕಾಣದೆ ಮಾಯವಾಗುವವರೆಗೂ ಡ್ರಾಯರು ಡ್ರಾಯರು ಜಾಲಾಡುವಳು. ಸಿಕ್ಕ ಮೇಲೆ ಹಳೆಯದರದೊಂದು ತುಂಡು, ಹೊಸದರದೊಂದು ತುಂಡು ಪುಸ್ತಕದಲ್ಲಿ ಹೊಲಿದು ಕೆಳಗೆ ದಿನಾಂಕ ಹಾಕುವಳು. ಅಂಥ ಏಳು ಪುಸ್ತಕಗಳಾಗಿದ್ದವು.

ಈಗ ಅವಳ ಕೈಯಲ್ಲಿದ್ದುದು ಏಳನೆಯದು. ಕೆಂಪು, ಕಂದು ಎಲ್ಲ ಸರಿಯಿದ್ದವು. ನೀಲಿ, ನೇರಳೆ, ಬಿಳಿ ಇದ್ದ ಕಡೆಯೆಲ್ಲ ಜೋಡಿ ತಪ್ಪಿತ್ತು. ಬಿಳಿಯ ಪಕ್ಕದಲ್ಲಿ ಕೆನೆಬಣ್ಣ ಕೂತಿತ್ತು. ಮೂರು ವರ್ಷದ ಹಿಂದಿನಿಂದ ಶುರುವಾಗಿ ಇಂಥವು ನಲವತ್ತೊಂದು ಪುಟ. ಅವುಗಳಲ್ಲಿ ಒಂದರ ಕೆಳಗೆ ಮಾತ್ರ ದಿನಾಂಕದ ಜೊತೆ 'ತಂಗಿ' ಎಂದು ಬರೆದಿತ್ತು. ಬೆಳಗ್ಗೆಯಿಂದ ಅವಳು ಕಣ್ಣು ಮುಚ್ಚಿ ತೆರೆದು ನೋಡುತ್ತಿದ್ದುದು ಅದನ್ನೇ.

ಅಕ್ಕತಂಗಿಯರು ಹುಟ್ಟಿ ಬೆಳೆದ ಮನೆ ರಸ್ತೆ ಅಗಲವಾದಾಗ ಹೋಗಿತ್ತು. ಇದ್ದ ಒಂದೆರಡು ಫೋಟೋಗಳೂ ಕಪ್ಪುಬಿಳುಪು. ಅಮ್ಮನ ಅಡುಗೆಮನೆಯ ಕಿಟಕಿಗೆ ಎರಡು ನೀಲಿ ಬಾಗಿಲುಗಳಿದ್ದವು. ಮೂರು ವರ್ಷದ ಹಿಂದೆ ಅದನ್ನು ತಂಗಿ ನೆನಪಿನಿಂದಲೇ ಚೌಕುಳಿ ಹಾಳೆಯ ಮೇಲೆ ಬರೆದು, ಜಾಲರಿ ಬಟ್ಟೆಯ ತೂತುಗಳನ್ನು ಒಂದೊಂದಾಗಿ ಉಣ್ಣೆದಾರದಿಂದ ತುಂಬಲು ಕೂತಳು. ಎಡಬಾಗಿಲು ಮುಗಿಯುವಷ್ಟರಲ್ಲಿ ನೀಲಿ ಮುಗಿಯಿತು, ನಂಬರು ನಿಂತುಹೋಗಿತ್ತು. ಬಲಬಾಗಿಲಿಗೆ ದಾರ ಕೇಳಿಕೊಂಡು ಅಕ್ಕನ ಹತ್ತಿರ ಬಂದಳು.

ನೂಲಕ್ಕ ಹೊಸ್ತಿಲಿಗೆ ಹೋಗಿ, ಎಳೆ ಬಿಡಿಸಿ, ಅಡ್ಡ ಇಟ್ಟು, ಕ್ರಮ ಒಂದೂ ತಪ್ಪದೆ ಎಂಟು ಲಡಿ ದಾರ ಆರಿಸಿದಳು.

"ಅಕ್ಕ, ಇದು ಒಂಚೂರು ಹಸಿರು ಹೊಡೆಯಲ್ವಾ?" ಎಂದಳು ತಂಗಿ.

ಅಂಗಡಿಯಲ್ಲಿ ಆಗ ಐದಾರು ಗಿರಾಕಿಗಳಿದ್ದರು. "ಇಷ್ಟು ವರ್ಷ ನಾನೇನು ಇಲ್ಲಿ ನೊಣ ಹೊಡೀತಿದ್ನಾ?" ಎಂದಳು ನೂಲಕ್ಕ. "ನಂಗೆ ಬಣ್ಣ ಕಲಿಸೋಕೆ ಬರ್ತಾಳೆ. ಮೊದಲು ಹೋಗಿ ನಿನ್ನ ಕಣ್ಣು ತೋರಿಸ್ಕೊ."

ಗಿರಾಕಿಗಳು ನಕ್ಕರು. ತಂಗಿಯೂ ನಕ್ಕಳು, ಎಂಟು ಲಡಿಗಳನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

ಈಗ ನೂಲಕ್ಕ ಆ ಪುಸ್ತಕ ಮಡಿಸಿ ಒಳಗೆ ಬಂದಳು. ಗಲ್ಲಾಪೆಟ್ಟಿಗೆಯ ಹಿಂದೆ ಸಣ್ಣ ಯಜಮಾನ ಕೂತಿದ್ದ. ವಯಸ್ಸು ಐವತ್ತನಾಲ್ಕು, ತಲೆ ಪೂರ್ತಿ ಬಿಳಿ, ಆದರೆ ದೊಡ್ಡ ಯಜಮಾನ ತೀರಿಕೊಂಡು ಹದಿನೈದು ವರ್ಷವಾದರೂ ಇವನು ಸಣ್ಣವನೇ. ಎರಡು ವರ್ಷದ ಹಿಂದೆ ಅವಳನ್ನು ದಾರದ ಕಡೆಯಿಂದ ಗುಂಡಿಯ ಕಡೆಗೆ ಕಳಿಸಿದವನು ಇವನೇ. "ನಿಂತು ನಿಂತು ಕಾಲು ನೋಯುತ್ತೆ, ಕೂತ್ಕೊಂಡು ಮಾಡೋ ಕೆಲಸ ಇದು" ಎಂದಿದ್ದ. ಆ ಸಿಟ್ಟಿಗೆ ಅವಳು ವಾರ ಪೂರ್ತಿ ಅವನ ಜೊತೆ ಮಾತು ಬಿಟ್ಟಿದ್ದಳು.

"ನಿಮಗೆ ಗೊತ್ತಿತ್ತಾ?" ಎಂದು ಕೇಳಿದಳು.

ಏನು ಎಂದು ಅವನು ಕೇಳಲಿಲ್ಲ. "ಒಂದಿಬ್ರು ವಾಪಸ್ ತಂದಿದ್ರು, ನೂಲಕ್ಕ. ಟ್ಯೂಬ್‌ಲೈಟ್ ಮಂಕು ಅಂತ ನೀವು ಎರಡು ಸಲ ಬದಲಾಯಿಸಿದ್ರಲ್ಲ, ಆವಾಗ್ಲೇ ಅನುಮಾನ ಬಂತು."

"ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ನಮ್ಮಪ್ಪಂಗೇ ಬಣ್ಣ ಹೇಳ್ಕೊಟ್ಟೋರು ನೀವು. ನಾನು ಯಾವ ಬಾಯಲ್ಲಿ ಹೇಳ್ಲಿ?"

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಎರಡು ಬೀದಿ ಆಚೆಯ ತಂಗಿಯ ಮನೆಗೆ ಹೋದಳು. ಕಿಟಕಿಯ ಕಸೂತಿ ಚೌಕಟ್ಟಿನೊಳಗೆ ಬಾಗಿಲಿಗೆ ಎದುರಾಗಿಯೇ ತೂಗುತ್ತಿತ್ತು. ಮೂರು ವರ್ಷದಲ್ಲಿ ಅದನ್ನು ನೂರು ಸಲ ನೋಡಿದ್ದಳು, ಬಂದ ನೆಂಟರಿಗೆಲ್ಲ "ಎಲ್ಲಿ ದಾರ ಬದಲಾಗಿದೆ ಹೇಳಿ ನೋಡೋಣ" ಎಂದು ಸವಾಲು ಹಾಕಿದ್ದಳು. ನೆಂಟರು ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ಈಗ ಎಡಗಣ್ಣಿಗೆ ಅಂಗೈ ಮುಚ್ಚಿಕೊಂಡು ನೋಡಿದಳು. ಎಡಬಾಗಿಲು ನೀಲಿ, ಬಲಬಾಗಿಲು ಬೂದುಹಸಿರು. ಬೇರೆ ಯಾರದೋ ಮನೆಯ ಬಾಗಿಲನ್ನು ತಂದು ಇಲ್ಲಿ ಸಿಕ್ಕಿಸಿದ ಹಾಗಿತ್ತು.

"ಬಾ ಅಕ್ಕ, ಅಲ್ಲೇ ಯಾಕೆ ನಿಂತೆ? ಕಣ್ಣು ನೋಯ್ತಿದೆಯಾ?" ಎಂದು ತಂಗಿ ಒಳಗಿನಿಂದ ಬಂದಳು.

"ಕಣ್ಣು ಚೆನ್ನಾಗಿದೆ. ಈಗ ಚೆನ್ನಾಗಿದೆ." ನೂಲಕ್ಕ ಗೋಡೆಯಿಂದ ಮುಖ ತಿರುಗಿಸಲಿಲ್ಲ. "ಇದು ಹೀಗಿದೆ ಅಂತ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಮತ್ತೆ?"

"ನೀನು ಹೇಳ್ದೆ ಅಂತ ಕಣ್ಣು ತೋರಿಸ್ಕೊಂಡೆ. ನಿಜವಾಗ್ಲೂ ಹೋಗಿದ್ದೆ ಅಕ್ಕ. ಏನೂ ತೊಂದರೆ ಇಲ್ಲ, ಕನ್ನಡಕಾನೂ ಬೇಡ ಅಂದ್ರು." ತಂಗಿ ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ಜಾಗ ಮಾಡಿದಳು. "ಆಮೇಲೆ ನಿನ್ನ ಹತ್ರ ಬಂದು ತಪ್ಪು ನಿಂದೇ ಅಂತ ಹೇಳ್ಬೇಕಿತ್ತು. ಅದಕ್ಕಿಂತ ಹೊಲಿಯೋದೇ ಸುಲಭ ಅನ್ನಿಸ್ತು."

ಅವತ್ತು ತಂಗಿ ಹೇಳಿದ್ದರೆ, ಅಥವಾ ಅವಳು ಹೇಳಿದ ಒಂದು ಮಾತನ್ನು ತಾನು ಕೇಳಿದ್ದರೆ, ಪೊರೆ ಮೂರು ವರ್ಷ ಮೊದಲೇ ಗೊತ್ತಾಗುತ್ತಿತ್ತು. ನಲವತ್ತೊಂದು ಪುಟಗಳಲ್ಲಿ ಎಷ್ಟೋ ಉಳಿಯುತ್ತಿದ್ದವು. ನೂಲಕ್ಕ ಬಲಬಾಗಿಲಿನ ಕಡೆ ಬೆರಳು ತೋರಿಸಿದಳು. "ಬಿಚ್ಚು. ಬೇರೆ ದಾರ ಕೊಡ್ತೀನಿ. ಮತ್ತೆ ಹೊಲಿ" ಎಂದಳು.

ತಂಗಿ ಎರಡೂ ಕೈಗಳನ್ನು ಮುಂದೆ ಚಾಚಿದಳು. ಬೆರಳ ಗಿಣ್ಣುಗಳು ಊದಿದ್ದವು, ನಡುಬೆರಳು ಪಕ್ಕಕ್ಕೆ ವಾಲಿತ್ತು. ಸಂಧಿವಾತ ಶುರುವಾಗಿ ಎರಡು ವರ್ಷವಾಗುತ್ತಾ ಬಂದಿತ್ತು. ಲೋಟ ಹಿಡಿಯುವುದೇ ಎರಡು ಕೈಯಲ್ಲಿ. "ಇದನ್ನ ಹೊಲಿಯೋವಾಗ ಬೆರಳು ನೆಟ್ಟಗಿದ್ವು" ಎಂದಳು. ಬಲಬಾಗಿಲಿಗೆ ಅವಳು ನಾಲ್ಕು ತಿಂಗಳು ತೆಗೆದುಕೊಂಡಿದ್ದಳು. ಅವಳ ಕೈಯಿಂದ ಆದ ಕೊನೆಯ ಕಸೂತಿ ಅದು.

ನೂಲಕ್ಕ ಅಂದು ಊಟ ಮಾಡಲಿಲ್ಲ. ಹೊರಡುವಾಗ ಹೊಸ್ತಿಲಲ್ಲಿ ನಿಂತು, "ಶನಿವಾರ ಅಂಗಡಿಗೆ ಬಾ. ದಾರ ನೀನೇ ಆರಿಸು" ಎಂದಳು. "ಹೊಲಿಯೋದು ನಾನು."

"ನೀನಾ? ಸೂಜಿಗೆ ದಾರ ಪೋಣಿಸೋದು ಬಿಟ್ರೆ ನಿಂಗೇನು ಬರುತ್ತೆ?"

"ಬರಲ್ಲ. ಕಲಿಸು."

ಶನಿವಾರ ತಂಗಿ ಬಂದಳು. ಅಂದು ಗುಂಡಿಯ ಕಡೆ ಸಣ್ಣ ಯಜಮಾನನೇ ಕೂತ. ನೂಲಕ್ಕ ತಿಳಿನೀಲಿಯ ಮೂರು ಡ್ರಾಯರುಗಳನ್ನು ಕಳಚಿ ಹೊಸ್ತಿಲಿಗೇ ತಂದಿಟ್ಟು, ಸ್ಟೂಲಿನ ಮೇಲೆ ತಂಗಿಯನ್ನು ಕೂರಿಸಿದಳು. ತಂಗಿ ಒಂದೊಂದೇ ಲಡಿಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಅಡ್ಡ ಇಡಲಿಲ್ಲ, ಎಳೆ ಬಿಡಿಸಲಿಲ್ಲ. ಅರ್ಧ ಗಂಟೆಯಾದ ಮೇಲೆ ಒಂದನ್ನು ಎತ್ತಿ ಹಿಡಿದು "ಇದು" ಎಂದಳು.

ಅದು ಎಡಬಾಗಿಲಿಗಿಂತ ಒಂದು ಛಾಯೆ ಗಾಢವಾಗಿತ್ತು. ನಿಜವಾದ ಜೋಡಿ ಎರಡನೆಯ ಡ್ರಾಯರಿನ ಮೂಲೆಯಲ್ಲಿದ್ದುದನ್ನು ನೂಲಕ್ಕನ ಬಲಗಣ್ಣು ಆಗಲೇ ಕಂಡಿತ್ತು. ಆದರೂ ಅವಳು "ಯಾಕೆ ಇದೇ?" ಎಂದು ಕೇಳಿದಳು.

"ಬಲಗಡೆ ಬಾಗಿಲು ಅಮ್ಮ ತೆಗೀತಾನೇ ಇರ್ಲಿಲ್ಲವಲ್ಲ ಅಕ್ಕ. ಅದರ ಚಿಲಕ ಗಟ್ಟಿ. ದಿನಾ ಎಡಗಡೇದನ್ನೇ ತೆಗೆದು ಒರೆಸಿ ಒರೆಸಿ ಅದರ ಬಣ್ಣ ಸವೆದಿತ್ತು. ಇದರ ಮೇಲೆ ಯಾರ ಕೈಯೂ ಬೀಳ್ತಿರ್ಲಿಲ್ಲ, ಬಣ್ಣ ಹಾಗೇ ಇತ್ತು. ಅವತ್ತೂ ಇಂಥದ್ದೇ ಕೇಳೋಣ ಅಂತ ಬಂದಿದ್ದೆ."

ನೂಲಕ್ಕನಿಗೆ ಆ ಚಿಲಕ ನೆನಪಾಯಿತು. ಅದರ ತುಕ್ಕಿಗೆ ಅವಳೇ ಎಣ್ಣೆ ಬಿಟ್ಟಿದ್ದಳು. ಮೂರು ವರ್ಷದ ಹಿಂದೆ ಕಣ್ಣು ಸರಿಯಿದ್ದಿದ್ದರೂ ಅವಳು ಎಳೆಗೆ ಎಳೆ ಕೂಡಿಸಿ ಎಡಬಾಗಿಲಿನ ನೀಲಿಯನ್ನೇ ಕಟ್ಟಿಕೊಡುತ್ತಿದ್ದಳು. ಇದು ಯಾವುದಕ್ಕೆ, ಯಾರ ನೆನಪಿಗೆ ಎಂದು ಅಷ್ಟು ವರ್ಷದಲ್ಲಿ ಅವಳು ಯಾರನ್ನೂ ಕೇಳಿರಲಿಲ್ಲ. ಪುಸ್ತಕದ ಉಳಿದ ನಲವತ್ತು ಪುಟಗಳಲ್ಲಿ ದಿನಾಂಕವಿದೆ, ಹೆಸರಿಲ್ಲ. ಅವರನ್ನು ಹುಡುಕಲು ದಾರಿಯಿಲ್ಲ.

ಎಂಟು ಲಡಿ ಕಟ್ಟಿಸಿಕೊಂಡು ಇಬ್ಬರೂ ಮನೆಗೆ ಹೋದರು. ಬಲಬಾಗಿಲಿನ ಹಸಿರನ್ನು ಬಿಚ್ಚುವುದಕ್ಕೆ ನೂಲಕ್ಕನಿಗೆ ಮೂರು ಭಾನುವಾರ ಹಿಡಿಯಿತು. ನಾಲ್ಕನೆಯ ಭಾನುವಾರ ಅವಳು ಮೊದಲ ಸಾಲು ಹೊಲಿದಳು, ಮೂವತ್ತೆರಡು ಹೊಲಿಗೆ. ಹೊಲಿಗೆಗಳು ವಾಲಬೇಕಾದ ಕಡೆ ಬಿಟ್ಟು ಉಲ್ಟಾ ಕಡೆಗೆ ಓರೆಯಾಗಿವೆ ಎಂದು ತಂಗಿ ಅಷ್ಟನ್ನೂ ಬಿಚ್ಚಿಸಿದಳು.