ಬುದ್ಧಿಯವರ ಬಸ್ಸಿನ ಬಣ್ಣ

ಚನ್ನಬಸವಯ್ಯ ಹೇಡಿ. ಅವನನ್ನು ಬಹಳ ವರ್ಷಗಳಿಂದ ಬಲ್ಲ ನಾನು ಈ ಮಾತನ್ನು ಯೋಚಿಸಿಯೇ ಬರೆಯುತ್ತಿದ್ದೇನೆ. ಬನ್ನಿಮಂಟಪದಲ್ಲಿ ಅವನದು ವಾಹನಗಳಿಗೆ ಬಣ್ಣ ಹೊಡೆಯುವ ಶೆಡ್ಡು. ಕೈಕೆಲಸದಲ್ಲಿ ದೋಷವಿರಲಿಲ್ಲ. ಆದರೆ ಆಗದ ಕೆಲಸಕ್ಕೂ "ಆಯ್ತು" ಅನ್ನುತ್ತಿದ್ದ. ನನ್ನ ಹಳೆಯ ಫಿಯೆಟ್ ಕಾರಿನ ಬಾಗಿಲು ತುಕ್ಕು ಹಿಡಿದು ತೂತಾಗಿದ್ದಾಗ, ಬಾಗಿಲನ್ನೇ ಬದಲಿಸಬೇಕೆಂದು ಹೇಳಲು ಅಂಜಿ, ಪುಟ್ಟಿ ಮೆತ್ತಿ ಬಣ್ಣ ಬಳಿದುಕೊಟ್ಟ. ಮಳೆಗಾಲ ಮುಗಿಯುವುದರೊಳಗೆ ಪುಟ್ಟಿ ಉದುರಿತು. ಅವತ್ತೇ ಯಾಕೆ ಹೇಳಲಿಲ್ಲವೆಂದು ಗದರಿದೆ. "ತಾವು ಬೇಜಾರು ಮಾಡ್ಕೋತೀರಿ ಅಂತ, ಮೇಡಂ" ಎಂದ.

ಅವನ ಹೆಂಡತಿ ನೀಲಮ್ಮ ಪಕ್ಕದಲ್ಲೇ ನಿಂತಿದ್ದಳು. "ಇವರ ಬಾಯಲ್ಲಿ ಆಗಲ್ಲ ಅನ್ನೋ ಮಾತು ಹುಟ್ಟೇ ಇಲ್ಲ ಕಣಮ್ಮ. ನನ್ನ ಮದುವೆ ಮಾಡ್ಕೊಂಡಿದ್ದೂ ಅಂಗೇ. ನಮ್ಮಪ್ಪ ಕೇಳುದ್ರು, ಇವರು ಆಯ್ತು ಅಂದ್ಬುಟ್ರು" ಎಂದು ನಕ್ಕಳು. ಅವನೂ ನಕ್ಕ. ನನಗೆ ನಗು ಬರಲಿಲ್ಲ.

ಅವನ ಹೆದರಿಕೆಗೆ ಒಂದು ಕಾರಣವಿತ್ತು. ಶೆಡ್ಡಿನ ಜಾಗ ಮಠದ್ದು. ಮಠದ ಹಿರಿಯ ಸ್ವಾಮಿಗಳು, ಭಕ್ತರೆಲ್ಲ 'ಬುದ್ಧಿಯವರು' ಎಂದು ಕರೆಯುತ್ತಿದ್ದವರು, ಊರುಬಿಟ್ಟು ಬಂದ ಹುಡುಗನಿಗೆ "ಇಲ್ಲೇ ಬದುಕಿಕೋ" ಎಂದು ಬಾಯಿಮಾತಿನಲ್ಲಿ ಕೊಟ್ಟಿದ್ದರು. ಶೆಡ್ಡಿನ ಹಿಂದಿನ ಎರಡು ಕೋಣೆಗಳಲ್ಲೇ ಸಂಸಾರ. ಅವರು ಲಿಂಗೈಕ್ಯರಾದ ಮೇಲೆ ಮಠದ ವ್ಯವಹಾರವೆಲ್ಲ ಪಾರುಪತ್ಯಗಾರ ಸಿದ್ದಲಿಂಗಸ್ವಾಮಿಯವರ ಕೈಗೆ ಬಂತು. ಅವರು ಮುನಿದರೆ ಶೆಡ್ಡೂ ಇಲ್ಲ, ಮನೆಯೂ ಇಲ್ಲ.

ಮಠಕ್ಕೆ ಒಂದು ಬಸ್ಸಿತ್ತು. ಮಂಡಿನೋವಿನ ಹಿರಿಯ ಬುದ್ಧಿಯವರು ಊರೂರು ಸಂಚಾರ ಹೋಗಲೆಂದು ಭಕ್ತರು ಮಾಡಿಸಿದ್ದು. ಒಳಗೆ ಮಂಚ, ನೀರಿನ ತೊಟ್ಟಿ, ಪುಟ್ಟ ಅಡಿಗೆಕಟ್ಟೆ, ಶಿವಪೂಜೆಗೆ ಒಂದು ಮೂಲೆ. ತಿಂಗಳುಗಟ್ಟಲೆ ಅವರು ಅದರಲ್ಲೇ ವಾಸವಾಗಿದ್ದದ್ದುಂಟು. ೧೯೯೪ರಲ್ಲಿ ಅದಕ್ಕೆ ತಿಳಿನೀಲಿ ಬಣ್ಣ ಹೊಡೆದವನು ಚನ್ನಬಸವಯ್ಯ. ಬೋರ್ಡು ಬರೆಯುವವರೊಬ್ಬರು ಒಂದು ಬದಿಯ ಮೇಲೆ ಬುದ್ಧಿಯವರ ಆಳೆತ್ತರದ ಚಿತ್ರ ಬರೆದರು. ಅದರ ಮೇಲೆ ಚನ್ನಬಸವಯ್ಯ ಕ್ಲಿಯರ್ ಹೊಡೆದ. ಹೊಳಪು ಕೊಟ್ಟು, ಕೆಳಗಿನ ಬಣ್ಣವನ್ನು ಬಿಸಿಲಿನಿಂದ ಕಾಯುವ ಗಾಜಿನಂಥ ಪದರ ಅದು. ಬಸ್ಸನ್ನು ಹರಸುವಾಗ ಬುದ್ಧಿಯವರ ಕೈ ಆ ಚಿತ್ರದ ಮೇಲೆ ಬಿತ್ತಂತೆ. ಅಲ್ಲಿಂದ ಅದು ಬರೀ ಚಿತ್ರವಾಗಿ ಉಳಿಯಲಿಲ್ಲ.

ಅವರು ಹೋದ ಮೇಲೆ ಬಸ್ಸನ್ನು ಮಠದ ಬಯಲಿನಲ್ಲಿ ನಿಲ್ಲಿಸಿದರು. ಬಂದವರಿಗೆ ದರ್ಶನವಾಗಲೆಂದು ಚಿತ್ರದ ಬದಿಯನ್ನು ಹೆಬ್ಬಾಗಿಲಿಗೆ ತಿರುಗಿಸಿದರು. ಹೆಬ್ಬಾಗಿಲು ಪಡುವಣಕ್ಕೆ. ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲು ಚಿತ್ರಕ್ಕೇ ಹೊಡೆಯುತ್ತಿತ್ತು. ಭಕ್ತರು ಹಣೆಗೆ ವಿಭೂತಿ ಬಳಿದರು, ಪಾದಕ್ಕೆ ಗಂಧ ಹಚ್ಚಿದರು. ಮಾರನೆಯ ಬೆಳಿಗ್ಗೆ ಯಾರಾದರೊಬ್ಬರು ಒದ್ದೆಬಟ್ಟೆಯಲ್ಲಿ ತಿಕ್ಕಿ ಒರೆಸಿದರು. ಬೇಸಿಗೆಗಳು ಕಳೆದಂತೆ ಕ್ಲಿಯರ್ ಬೆಳ್ಳಗಾಗಿ, ಬೆಂದ ಚರ್ಮದ ಹಾಗೆ ಸುಲಿಯತೊಡಗಿತು. ಹಾಳು ಮಾಡಿದ್ದು ಭಕ್ತಿಯೇ. ಮಠದಲ್ಲಿ ಹಾಗೆಂದು ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಚನ್ನಬಸವಯ್ಯನನ್ನು ಕರೆಸಿದರು. ಮಠದ ಹಾಸ್ಟೆಲ್ಲಿನ ಸಮಿತಿಯಲ್ಲಿದ್ದ ನಾನು ಅಂದು ಅಲ್ಲಿದ್ದೆ. ಅವನು ಬೆರಳೊತ್ತಿ ನೋಡಿದ. ಬೆರಳಿಗೆ ನೀಲಿ ಪುಡಿ ಅಂಟಿತು. ಸತ್ತ ಬಣ್ಣದ ಮೇಲೆ ಹೊಸ ಕ್ಲಿಯರ್ ನಿಲ್ಲದು. ಆ ಬದಿಯನ್ನು ಉಪ್ಪುಕಾಗದದಿಂದ ಪೂರ್ತಿ ಉಜ್ಜಿ ತೆಗೆದು, ಪ್ರೈಮರಿನ ತಳಪದರದಿಂದ ಶುರುಮಾಡಿ, ಚಿತ್ರವನ್ನು ಹೊಸದಾಗಿ ಬರೆಸಬೇಕು. ಅದನ್ನು ಹೇಳಲು ಅವನು ಬಾಯಿ ತೆರೆದು "ಉಜ್ಜಿ..." ಅಂದನಷ್ಟೆ.

"ಅನ್ನ ಹಾಕಿದೋರ ಮುಖಕ್ಕೆ ಉಪ್ಪುಕಾಗದ ಹಾಕ್ತೀಯೇನೋ?" ಎಂದರು ಸಿದ್ದಲಿಂಗಸ್ವಾಮಿ.

"ಇಲ್ಲ ಅಯ್ನೋರೆ."

"ಮತ್ತೆ? ಮೇಲೊಂದು ಕೈ ಹೊಡಿ. ಮಿಂಚಬೇಕು."

"ಆಯ್ತು."

ಮಿಂಚಿತು. ಮುಂದಿನ ಬೇಸಿಗೆಯಲ್ಲಿ ಬಸ್ಸನ್ನು ದರ್ಶನಕ್ಕೆಂದು ಹಳ್ಳಿಗಳಿಗೆ ಒಯ್ದಾಗ ಗುಳ್ಳೆ ಎದ್ದು, ಹೊಸ ಪದರದ ಜೊತೆಗೆ ಚಿತ್ರವೂ ಕಿತ್ತುಬಂತು. ಮೂಗು ಹೋಯಿತು, ಒಂದು ಕೆನ್ನೆ ಹೋಯಿತು. ಯಾವುದೋ ಹಳ್ಳಿಯಲ್ಲಿ ಹೆಂಗಸರು ಅಪಶಕುನವೆಂದು ಅತ್ತರಂತೆ. ಪಾರುಪತ್ಯಗಾರರು ಮಠದ ಜಗಲಿಯಲ್ಲಿ ಎಲ್ಲರೆದುರು, "ಕಳಪೆ ಮಾಲು ಹಾಕವ್ನೆ" ಎಂದು ದೂರಿದರು. ಚನ್ನಬಸವಯ್ಯ ಅದನ್ನೂ ತಲೆ ತಗ್ಗಿಸಿ ಕೇಳಿಕೊಂಡ.

ಮರುವರ್ಷ ಬಸ್ಸು ಮತ್ತೆ ಅವನ ಶೆಡ್ಡಿಗೆ ಬಂತು. ಹಿರಿಯರ ಪೀಠಕ್ಕೆ ಬಂದಿದ್ದ ಕಿರಿಯ ಸ್ವಾಮಿಗಳು ಅದರಲ್ಲಿ ಮೊದಲ ಸಲ ಸಂಚಾರ ಹೊರಡುವವರಿದ್ದರು. ಅಪ್ಪಣೆ ಹಿಂದಿನದೇ: ಹೋದ ಮೂಗು, ಕೆನ್ನೆಗಳನ್ನು ಯಾರಿಂದಲಾದರೂ ತಿದ್ದಿಸಿ, ಮೇಲೆ ಕ್ಲಿಯರ್ ಹೊಡೆಯಬೇಕು. ಈ ಸಲವೂ ಸುಲಿದರೆ ಶೆಡ್ಡು ಖಾಲಿ ಮಾಡಬೇಕು. ಅದು ಆಗದ ಕೆಲಸವೆಂದು ನಾನೇ ಸಿದ್ದಲಿಂಗಸ್ವಾಮಿಯವರಿಗೆ ಹೇಳಿದೆ. "ತಾವು ಓದಿದೋರು ಮೇಡಂ. ಗುರುವಿನ ವಿಷಯ ನಮಗೆ ಬುಡಿ" ಎಂದರು. ಚನ್ನಬಸವಯ್ಯ ಪಕ್ಕದಲ್ಲೇ ಇದ್ದ. ನನ್ನ ಮಾತು ಹೌದೆನ್ನಲಿಲ್ಲ. ಅವರಿಗೆ "ಆಯ್ತು" ಎಂದ.

ಆ ಶುಕ್ರವಾರ ಹಾಸ್ಟೆಲ್ಲಿನ ಕಬ್ಬಿಣದ ಮಂಚಗಳಿಗೆ ಬಣ್ಣ ಮಾಡಿಸುವ ವಿಚಾರಕ್ಕೆ ನಾನು ಶೆಡ್ಡಿಗೆ ಹೋದೆ. ನೀಲಮ್ಮ ಹೊಸಿಲಲ್ಲಿ ಕೂತು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು.

"ಇದೇನಮ್ಮ?" ಎಂದೆ.

"ಹೆಂಗಿದ್ರೂ ಬೀದಿಗೆ ಬೀಳೋದೇ ಅಲ್ವಾ? ಮೇಲ್ಮೇಲೆ ಹೊಡುದ್ರೆ ಬೇಸಿಗೇಲಿ ಆಚೆಗೆ ಹಾಕ್ತಾರೆ, ಉಜ್ಜುದ್ರೆ ಇವತ್ತೇ. ಇವರು ಬೇಸಿಗೆ ತನಕ ತಳ್ತಾರೆ. ನೋಡ್ತಿರಿ ಬೇಕಾದ್ರೆ."

ನನ್ನ ಎಣಿಕೆಯೂ ಅದೇ ಆಗಿತ್ತು. ಶೆಡ್ಡಿನೊಳಗೆ ಬಸ್ಸಿನ ಪಕ್ಕ ಸಿದ್ದಲಿಂಗಸ್ವಾಮಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು, ಕೆಲಸ ಕಣ್ಣೆದುರೇ ಆಗಬೇಕೆಂದು. ಚನ್ನಬಸವಯ್ಯ ಸ್ಪ್ರೇ ಗನ್ನಿಗೆ ಕ್ಲಿಯರ್ ತುಂಬಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೊಸದಾಗಿ ತಿದ್ದಿಸಿದ್ದ ಚಿತ್ರದೆದುರು ನಿಂತ. ಕಂಪ್ರೆಸರ್ ಗುಡುಗುಡು ಎನ್ನುತ್ತಿತ್ತು.

"ಹೊಡಿಯೋ. ಮುಹೂರ್ತ ನೋಡ್ತಿದ್ದೀಯಾ?" ಎಂದರು ಪಾರುಪತ್ಯಗಾರರು.

ಅವನು ಕಂಪ್ರೆಸರ್ ನಿಲ್ಲಿಸಿ ಗನ್ ಕೆಳಗಿಟ್ಟ. ಚಪ್ಪಲಿ ಬಿಟ್ಟು, ಚಿತ್ರದ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಬಕೆಟ್ಟಿನಲ್ಲಿ ನೆನೆಹಾಕಿದ್ದ ಉಪ್ಪುಕಾಗದವನ್ನು ಎತ್ತಿ ಹಣೆಯ ಮೇಲಿಟ್ಟು ಉಜ್ಜಿದ. ನೀಲಿ ಬೆರೆತ ಕೆಸರುನೀರು ಅವನ ಮೊಣಕೈವರೆಗೆ ಇಳಿಯಿತು.

"ಏಯ್! ಏನೋ ಮಾಡ್ತಿದ್ದೀಯ?" ಸಿದ್ದಲಿಂಗಸ್ವಾಮಿ ಕುರ್ಚಿ ಉರುಳಿಸಿಕೊಂಡು ಎದ್ದು ಬಂದು ಅವನ ಬಲಗೈಯ ಮಣಿಕಟ್ಟು ಹಿಡಿದುಕೊಂಡರು.

ಚನ್ನಬಸವಯ್ಯ ಬಿಡಿಸಿಕೊಳ್ಳಲಿಲ್ಲ. ಅವರ ಮುಖ ನೋಡಲಿಲ್ಲ. ಕಾಗದವನ್ನು ಎಡಗೈಗೆ ಬದಲಿಸಿಕೊಂಡು ಉಜ್ಜತೊಡಗಿದ.