ಸರೋಜಳ ಹೆಸರಿನ ಬಿಲ್ಲು

ನಮ್ಮ ಹಿಟ್ಟಿನ ಮಿಲ್ಲಿನ ಗೋಡೆಯ ಮೇಲೆ, ತಕ್ಕಡಿಯ ಪಕ್ಕದಲ್ಲಿ, ಒಂದು ಕೊಕ್ಕೆ ತಂತಿ ನೇತಾಡುತ್ತದೆ. ತಿಂಗಳು ತಿಂಗಳು ಬರುವ ಕರೆಂಟ್ ಬಿಲ್ಲನ್ನು ಅದಕ್ಕೆ ಚುಚ್ಚಿಡುವುದು ರೂಢಿ. ಇವತ್ತು ಬೆಳಗ್ಗೆ ಹೊಸ ಬಿಲ್ಲು ಬಂತು. ಚುಚ್ಚೋಣವೆಂದು ತಂತಿಯನ್ನು ಕೆಳಗಿಳಿಸಿದರೆ ಅದರಿಂದ ಎದ್ದ ರಾಗಿ ಹಿಟ್ಟಿನ ಘಾಟಿಗೆ ಎರಡು ಸೀನು ಬಂದವು.

ನೀವು ಎಂದಾದರೂ ಹಳೆಯ ಬಿಲ್ಲನ್ನು ಎತ್ತಿಟ್ಟು ನೋಡಿದ್ದೀರೋ ಇಲ್ಲವೋ. ಮೀಟರ್ ನೋಡುವವರು ಕೈಯಲ್ಲಿರುವ ಪುಟ್ಟ ಮೆಷಿನ್ನಿನಿಂದ ಹರಿದು ಕೊಡುವ ಆ ನುಣುಪು ಕಾಗದದಲ್ಲಿ ಅಕ್ಷರ ಬಹಳ ದಿನ ನಿಲ್ಲುವುದಿಲ್ಲ. ಮೊದಲು ಬೂದಿ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಇಲ್ಲವಾಗುತ್ತದೆ. ನಮ್ಮ ತಂತಿಯ ತಳದ ಬಿಲ್ಲುಗಳೆಲ್ಲ ಈಗ ಬರೀ ಬಿಳಿ. ಅವುಗಳಲ್ಲಿ ಒಂದೊಂದರ ಮೇಲೂ ನನ್ನ ಹೆಂಡತಿ ಸರೋಜಳ ಹೆಸರಿತ್ತು.

ಮಿಲ್ಲು ಇರುವುದು ಚಿಂತಾಮಣಿಯಲ್ಲಿ, ಕೈವಾರದ ಕಡೆ ಹೋಗುವ ರಸ್ತೆಯ ಒಂದು ಒಳಬೀದಿಯಲ್ಲಿ. ಜಾಗ ಅವಳಿಗೆ ತವರಿನಿಂದ ಬಂದದ್ದು. ಹಾಗಾಗಿ ಕರೆಂಟಿನ ಕನೆಕ್ಷನ್ನೂ ಅವಳ ಹೆಸರಿನಲ್ಲೇ ಇತ್ತು. ಮೋಟಾರು ಮಾತ್ರ ನಮ್ಮಪ್ಪನದು. ಅದು ಎಷ್ಟು ಸಲ ಸುಟ್ಟು, ಎಷ್ಟು ಸಲ ಒಳಗಿನ ತಾಮ್ರದ ತಂತಿ ಹೊಸದಾಗಿ ಸುತ್ತಿಸಿಕೊಂಡು ಬಂದಿದೆಯೋ ನನಗೇ ಲೆಕ್ಕ ತಪ್ಪಿದೆ. ಪ್ರತಿ ಸಲವೂ ನಾನು ಅದಕ್ಕೆ ಕುಂಕುಮವಿಟ್ಟು ಮತ್ತೆ ಕೂರಿಸುತ್ತಿದ್ದೆ.

ಅಪ್ಪನಿಂದ ಇನ್ನೊಂದು ಅಭ್ಯಾಸವೂ ಬಂದಿತ್ತು. ಗಿರಾಕಿ ಇರಲಿ ಬಿಡಲಿ, ಮಿಲ್ಲು ಓಡುತ್ತಿರಬೇಕು. "ಮಿಲ್ಲಿನ ಸದ್ದೇ ಮಿಲ್ಲಿನ ಬೋರ್ಡು ಕಣೋ," ಎನ್ನುತ್ತಿದ್ದರು. ಬೀದಿಯ ತುದಿಯಲ್ಲಿರುವ ಹೆಂಗಸಿಗೆ ಸದ್ದು ಕೇಳಿಸಿದರೆ ಅವಳು ರಾಗಿ ಕೇರಿ ಹೊರಡುತ್ತಾಳೆ, ಕೇಳಿಸದಿದ್ದರೆ ನಾಳೆ ನೋಡೋಣವೆಂದು ಕೂರುತ್ತಾಳೆ. ಇದು ಅಪ್ಪನ ವ್ಯಾಪಾರಶಾಸ್ತ್ರ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆ ಶಾಸ್ತ್ರವನ್ನು ಪರೀಕ್ಷಿಸುವ ಯೋಚನೆಯೇ ನನಗೆ ಬಂದಿರಲಿಲ್ಲ. ಕಾಳಿಲ್ಲದ ಮಿಲ್ಲನ್ನು ಗಂಟೆಗಟ್ಟಲೆ ಓಡಿಸಿ, ಅದರ ಪಕ್ಕದಲ್ಲಿ ಪೇಪರ್ ಓದುತ್ತ ಕೂತಿರುತ್ತಿದ್ದೆ.

ಒಂದು ದಿನ ವಿದ್ಯುತ್ ಕಂಪನಿಯವರು ನಮ್ಮ ವಾರ್ಡಿನಲ್ಲಿ ಶಾಮಿಯಾನ ಹಾಕಿ ಒಂದು ಶಿಬಿರ ಮಾಡಿದರು. ಹಳೆಯ ಬಲ್ಬು ಕೊಟ್ಟರೆ ಎಲ್‌ಇಡಿ ಬಲ್ಬು, ಕಡಿಮೆ ಕರೆಂಟು ಎಳೆಯುವ ಫ್ಯಾನಿಗೆ ರಿಯಾಯಿತಿ, ಅಂಗಡಿ ಮಿಲ್ಲುಗಳಿಗೆ ಬಂದು ಪುಕ್ಕಟೆ ತಪಾಸಣೆ. ಎಲ್ಲರೂ ಬಲ್ಬು ಇಸಿದುಕೊಂಡು ಮನೆಗೆ ಹೋದರೆ ಸರೋಜ ಮಾತ್ರ ಅಲ್ಲಿದ್ದ ಇಂಜಿನಿಯರಮ್ಮನ ಮುಂದೆ ನಿಂತೇ ಇದ್ದಳು.

"ಅಲ್ಲಾ ಮೇಡಂ, ನೀವೇ ಕರೆಂಟ್ ಮಾರೋರು. ಕಮ್ಮಿ ಉಪಯೋಗಿಸಿ ಅಂತ ನೀವೇ ಹೇಳ್ತೀರಲ್ಲ? ಹೋಟೆಲ್‌ನೋರು ಬಂದು ಮನೇಲೇ ಉಣ್ರಪ್ಪಾ ಅಂದಂಗಾಯ್ತು."

ಇಂಜಿನಿಯರಮ್ಮ ನಕ್ಕುಬಿಟ್ಟರು. "ಬೇಸಿಗೇಲಿ ಎಲ್ರೂ ಒಂದೇ ಹೊತ್ತಿಗೆ ಸ್ವಿಚ್ ಹಾಕ್ತೀರಲ್ಲಮ್ಮ, ಆಗ ನಿಮ್ಮ ಬೀದಿ ಟ್ರಾನ್ಸ್‌ಫಾರ್ಮರ್ ತಡೆಯಲ್ಲ. ನೀವು ಉಳಿಸಿದ ಕರೆಂಟು ಪಕ್ಕದ ಬೀದಿಗೆ ಆಗುತ್ತೆ. ಅದನ್ನ ನಾವು ಹೊಸದಾಗಿ ಎಲ್ಲಿಂದ್ಲೋ ತರೋದು ತಪ್ಪುತ್ತೆ."

ಈ ಮಾತು ಸರೋಜಳಿಗೆ ಹಿಡಿಸಿತು. ತಾನು ಸ್ವಿಚ್ ಆರಿಸಿದರೆ ಪಕ್ಕದ ಬೀದಿಯಲ್ಲಿ ಯಾರದೋ ಫ್ಯಾನು ತಿರುಗುತ್ತದೆ ಎನ್ನುವುದು ಅವಳಿಗೆ ಒಂದು ಬಟ್ಟಲು ಸಾರು ಪಕ್ಕದ ಮನೆಗೆ ಕೊಟ್ಟಷ್ಟು ಸರಳವಾಗಿ ಅರ್ಥವಾಯಿತು.

ಮಾರನೇ ವಾರ ಇಂಜಿನಿಯರಮ್ಮ ತಪಾಸಣೆಗೆ ಮಿಲ್ಲಿಗೇ ಬಂದರು. ಮೋಟಾರಿನ ವೈರಿನ ಸುತ್ತ ಇಕ್ಕಳದಂಥ ಒಂದು ಮೀಟರು ಸಿಕ್ಕಿಸಿ ನೋಡಿ, ಆಮೇಲೆ ಮೋಟಾರಿನ ಹತ್ತಿರ ಅಂಗೈ ಹಿಡಿದರು. ಅದರ ಪಕ್ಕದಲ್ಲಿ ನಮ್ಮ ಬೆಕ್ಕು ಕಾಲು ಚಾಚಿ ಮಲಗಿತ್ತು. ಅದರ ಕಾಯಂ ಜಾಗವೇ ಅದು.

"ಇಲ್ಲಿ ಬಿಸಿ ಬರ್ತಿದೆಯಲ್ಲ, ಇದೆಲ್ಲಾ ನಿಮ್ಮ ಕರೆಂಟೇ. ಹಿಟ್ಟಾಗ್ದೆ ಹೋಗ್ತಿರೋದು," ಎಂದರು.

ಸರೋಜ ಬೆಕ್ಕನ್ನು ನೋಡಿದಳು, ನನ್ನನ್ನು ನೋಡಿದಳು. "ಕೇಳಿಸ್ತಾ ರೀ? ಇಷ್ಟು ವರ್ಷ ನಾವು ಮಿಲ್ಲು ನಡೆಸ್ತಿರ್ಲಿಲ್ಲ. ಬೆಕ್ಕಿಗೆ ಮೈ ಕಾಯಿಸ್ತಿದ್ವಿ."

ಇಂಜಿನಿಯರಮ್ಮ ಅವಳಿಗೆ ಗೋಡೆಯ ಮೀಟರಿನಲ್ಲಿ ಮಿಣುಕುವ ಕೆಂಪು ದೀಪವನ್ನು ತೋರಿಸಿದರು. ಕರೆಂಟು ಹೆಚ್ಚು ಎಳೆದಷ್ಟೂ ಅದು ಬೇಗ ಬೇಗ ಮಿಣುಕುತ್ತದಂತೆ. ಅವತ್ತಿನಿಂದ ನನ್ನ ನೆಮ್ಮದಿ ಹೋಯಿತು. ಸರೋಜ ಸೊಂಟಕ್ಕೆ ಕೈಕೊಟ್ಟು ಮೀಟರಿನ ಮುಂದೆ ನಿಲ್ಲುವುದು, ಅಲ್ಲಿಂದಲೇ ಕೂಗುವುದು. "ಕಾಳಿಲ್ದೇನೂ ಹೆಂಗೆ ಮಿಣುಕ್ತಿದೆ ನೋಡ್ರೀ! ಆರಿಸ್ರೀ ಅದನ್ನ!"

"ಸದ್ದಿಲ್ದಿದ್ರೆ ಗಿರಾಕಿಗೆ ಹೆಂಗೆ ಗೊತ್ತಾಗುತ್ತೆ ಕಣೇ?"

"ಬಾಗಿಲು ತೆಗೆದಿದ್ರೆ ಮಿಲ್ಲು ತೆಗೆದಿದೆ ಅಂತ ಗೊತ್ತಾಗಲ್ವಾ? ಜನಕ್ಕೆ ಕಣ್ಣಿಲ್ವಾ?"

ಮಿಲ್ಲು ಆರಿಸಿದೆ. ಆದರೂ ಗಿರಾಕಿಗಳು ಬಂದರು. ಮೊದಲು ಬಂದವರು ವೆಂಕಟಲಕ್ಷ್ಮಮ್ಮ. ಅವರದು ತೆಲುಗು ಮನೆಮಾತು. "ಏಮಪ್ಪಾ, ಮಿಲ್ಲು ಮೂಸೇಸಿನಾವಾ?" ಎಂದು, ಮುಚ್ಚಿಬಿಟ್ಟೆಯಾ ಎಂದು ಕೇಳುತ್ತಲೇ ರಾಗಿ ಚೀಲ ಇಳಿಸಿದರು. ಅಪ್ಪನ ಶಾಸ್ತ್ರ ಅಷ್ಟಕ್ಕೇ ಮುಗಿಯಿತು.

ಮೋಟಾರಿನ ವಿಷಯಕ್ಕೆ ಮಾತ್ರ ನಾನು ಬಗ್ಗಲಿಲ್ಲ. ಹಳೆಯದನ್ನು ಕೊಟ್ಟರೆ ಕಡಿಮೆ ಕರೆಂಟು ಎಳೆಯುವ ಹೊಸ ಮೋಟಾರು, ಬೆಲೆಯಲ್ಲಿ ಒಂದು ಪಾಲು ಕಂಪನಿಯದು ಎಂದು ಯೋಜನೆಯಿತ್ತು. ಸರೋಜ ತಪಾಸಣೆಯ ದಿನವೇ ಫಾರಂ ತುಂಬಿ, ದುಂಡು ಅಕ್ಷರದಲ್ಲಿ ಸಹಿ ಹಾಕಿ, ಆಫೀಸಿಗೆ ಕೊಟ್ಟು ಬನ್ನಿ ಎಂದು ನನ್ನ ಕೈಗಿಟ್ಟಳು. ನಾನು ಅದನ್ನು ನಾಲ್ಕಾಗಿ ಮಡಿಸಿ ಅಪ್ಪನ ಫೋಟೋದ ಹಿಂದೆ ಸಿಕ್ಕಿಸಿದೆ. ಅಪ್ಪ ಕೈಯಾರೆ ಕೂರಿಸಿದ ಮೋಟಾರನ್ನು ಲಾರಿಗೆ ಎತ್ತಿಹಾಕಿ ಕಳಿಸಲು ನನ್ನಿಂದ ಆಗಲಿಲ್ಲ. ಹಬ್ಬ ಕಳೆಯಲಿ ಎಂದೆ. ಮಳೆ ಕಳೆಯಲಿ ಎಂದೆ. ಅಷ್ಟರಲ್ಲಿ ಅವಳಿಗೆ ಕಾಯಿಲೆ ಬಂತು.

ಆ ಮೂರು ತಿಂಗಳ ಬಗ್ಗೆ ಹೆಚ್ಚು ಬರೆಯಲಾರೆ. ಒಂದು ಮಾತನ್ನು ಮಾತ್ರ ಹೇಳಬೇಕು. ಆಸ್ಪತ್ರೆಯ ಮಂಚದ ಮೇಲೆ ಒಂದು ಮಧ್ಯಾಹ್ನ ಅವಳು ಕಣ್ಣು ಬಿಟ್ಟು, "ರೀ, ಫಾರಂ ಕೊಟ್ರಾ?" ಎಂದು ಕೇಳಿದಳು.

"ಕೊಟ್ಟೆ ಕಣೇ," ಎಂದೆ.

"ಒಳ್ಳೇದಾಯ್ತು," ಎಂದು ಮತ್ತೆ ಕಣ್ಣು ಮುಚ್ಚಿದಳು. ನಾನು ಅವಳಿಗೆ ಹೇಳಿದ ದೊಡ್ಡ ಸುಳ್ಳು ಅದು. ತಿದ್ದಿಕೊಳ್ಳಲು ದಿನ ಉಳಿಯಲಿಲ್ಲ.

ಅವಳು ಹೋದ ಮೇಲೆ ರೇಷನ್ ಕಾರ್ಡಿನಿಂದ ಹೆಸರು ತೆಗೆದರು. ವೋಟರ್ ಲಿಸ್ಟಿನಿಂದ ತೆಗೆದರು. ಬ್ಯಾಂಕಿನಲ್ಲೂ ತೆಗೆದರು. ಕರೆಂಟ್ ಬಿಲ್ಲು ಮಾತ್ರ ಅವಳ ಹೆಸರಿಗೇ ಬರುತ್ತಿತ್ತು. ಮೀಟರ್ ನೋಡುವ ನಾರಾಯಣಪ್ಪ ನಮ್ಮ ಬೀದಿಗೆ ಬಹಳ ವರ್ಷಗಳಿಂದ ಬರುತ್ತಿರುವವರು. ಮೊದಲಿನಿಂದಲೂ ಬಾಗಿಲಲ್ಲಿ ನಿಂತು "ಸರೋಜಮ್ಮನೋರೇ, ಬಿಲ್ಲು!" ಎಂದು ಕೂಗುವುದು, ಅವಳು ಕೈಯೆಲ್ಲ ಹಿಟ್ಟಾಗಿದ್ದರೂ "ಬಂದೆ ಕಣಪ್ಪ" ಎನ್ನುತ್ತ ಹೊರಗೆ ಬರುವುದು ನಡೆದಿತ್ತು. ಈಗ ಅವರು ಏನೂ ಕೂಗದೆ ಬಿಲ್ಲನ್ನು ತಕ್ಕಡಿಯ ಮೇಲಿಟ್ಟು ಹೋಗುತ್ತಿದ್ದರು. ನಾನು ಅದರಲ್ಲಿ ಯೂನಿಟ್ಟನ್ನೂ ನೋಡುತ್ತಿರಲಿಲ್ಲ. ಹೆಸರು ಓದಿ ತಂತಿಗೆ ಚುಚ್ಚುತ್ತಿದ್ದೆ. ಹೆಸರು ಬದಲಾಯಿಸಿಕೊಳ್ಳಿ ಎಂದು ನಾರಾಯಣಪ್ಪ ಎರಡು ಸಲ ಹೇಳಿದರು. ನಾನು ತಲೆಯಾಡಿಸಿದೆ, ಹೋಗಲಿಲ್ಲ. ಅವಳನ್ನು ಇನ್ನೂ ಇದ್ದಾಳೆಂದು ನಂಬಿದ್ದ ಕಾಗದ ಅದೊಂದೇ.

ಈ ಬೇಸಿಗೆಯಲ್ಲಿ ಒಂದು ದಿನ ತಂತಿ ಇಳಿಸಿ ಹಳೆಯ ಬಿಲ್ಲುಗಳನ್ನು ತಿರುವಿದೆ. ಆಗಲೇ ಕಂಡದ್ದು ಆ ಬಿಳಿ. ಬಿಸಿಲಿಗೆ ಹಿಡಿದೆ, ಓರೆಯಾಗಿ ಹಿಡಿದೆ, ಕನ್ನಡಕ ಒರೆಸಿಕೊಂಡೆ. ಯಾವುದರಲ್ಲೂ ಹೆಸರಿರಲಿಲ್ಲ. ನಾನು ಕಾವಲು ಕಾಯುತ್ತಿದ್ದ ಕಾಗದವೇ ಅವಳನ್ನು ಮೆಲ್ಲಗೆ ಕಳೆದುಬಿಟ್ಟಿತ್ತು. ಅಪ್ಪನ ಫೋಟೋದ ಹಿಂದೆ ಕೈಹಾಕಿ ಫಾರಂ ತೆಗೆದೆ. ಪೆನ್ನಿನಲ್ಲಿ ಬರೆದ ಆ ದುಂಡು ಸಹಿ ನಿನ್ನೆ ಹಾಕಿದ ಹಾಗಿತ್ತು.

ಮಾರನೇ ದಿನ ಅದನ್ನೂ ಅವಳ ಮರಣ ಪತ್ರವನ್ನೂ ಹಿಡಿದು ಆಫೀಸಿಗೆ ಹೋದೆ. ಯೋಜನೆ ಇನ್ನೂ ಇದೆ, ಆದರೆ ಅರ್ಜಿ ಕನೆಕ್ಷನ್ ಇರುವವರ ಹೆಸರಿನಲ್ಲೇ ಬರಬೇಕು, ಮೊದಲು ಹೆಸರು ವರ್ಗಾವಣೆಯಾಗಲಿ ಎಂದರು. "ಯಾರ ಹೆಸರಿಂದ?" ಎಂದು ಕೌಂಟರಿನಲ್ಲಿ ಕೇಳಿದರು. ನಾನು ಮರಣ ಪತ್ರವನ್ನು ಮುಂದೆ ತಳ್ಳಿದೆ. ಅಷ್ಟರಲ್ಲಿ ಒಳಗಿನಿಂದ ಅದೇ ಇಂಜಿನಿಯರಮ್ಮ ಬಂದರು.

"ನೀವು ಬೆಕ್ಕಿನ ಮಿಲ್ಲಿನೋರು ಅಲ್ವಾ? ಸರೋಜಮ್ಮ ಹೆಂಗಿದ್ದಾರೆ?"

ಕೇಳುತ್ತಲೇ ಮೇಜಿನ ಮೇಲಿದ್ದ ಮರಣ ಪತ್ರ ಅವರ ಕಣ್ಣಿಗೆ ಬಿತ್ತು. ಆಮೇಲೆ ಆ ಹಳೆಯ ಫಾರಮ್ಮನ್ನು ತೆಗೆದುಕೊಂಡು ಓದಿ, "ಇದು ಇನ್ನು ನಡೆಯಲ್ಲ ಸರ್, ನೀವೇ ಇಟ್ಕೊಳಿ. ಹೆಸರು ವರ್ಗಾವಣೆ ಜೊತೇಲೇ ಹೊಸದನ್ನೂ ಇಲ್ಲೇ ಕೂತು ಬರೀರಿ," ಎಂದು ತಮ್ಮ ಪೆನ್ನನ್ನೇ ಕೊಟ್ಟರು. ನಾನು ಅವಳದನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ನೋಡಿ ಬರೆದೆ. ಹೆಸರು ಬರೆಯುವ ಜಾಗದಲ್ಲಿ ಮಾತ್ರ ನಕಲು ಮಾಡಲಾಗಲಿಲ್ಲ.

ಕಳೆದ ತಿಂಗಳು ಹೊಸ ಮೋಟಾರು ಬಂತು. ಅಪ್ಪನದನ್ನು ಕಳಿಸುವ ಮುನ್ನ ಕುಂಕುಮವಿಟ್ಟೆ, ಹೊಸದಕ್ಕೂ ಇಟ್ಟೆ. ಹಿಟ್ಟು ಅಷ್ಟೇ ಬೀಳುತ್ತದೆ, ಕೆಂಪು ದೀಪ ಮಾತ್ರ ನಿಧಾನವಾಗಿ ಮಿಣುಕುತ್ತದೆ. ಬೆಕ್ಕು ಎರಡು ದಿನ ಮೋಟಾರನ್ನು ಮೂಸಿ ನೋಡಿ, ಇದರಿಂದ ಉಪಯೋಗವಿಲ್ಲವೆಂದು ತೀರ್ಮಾನಿಸಿ, ಈಗ ಬಾಗಿಲ ಬಿಸಿಲಿನಲ್ಲಿ ಮಲಗುತ್ತದೆ.

ಇವತ್ತು ಬೆಳಗ್ಗೆ ಅಲ್ಲಿಗೇ ಬಂದರು ನಾರಾಯಣಪ್ಪ. ಮೆಷಿನ್ನಿನಿಂದ ಬಿಲ್ಲು ಹರಿದು, ಅದರಲ್ಲಿದ್ದ ಯೂನಿಟ್ಟು ಕಂಡು ಖುಷಿಯಾಯಿತೋ ಏನೋ, ಹಳೆಯ ಗಂಟಲಿನಲ್ಲೇ ಕೂಗಿಬಿಟ್ಟರು: "ಸರೋಜಮ್ಮನೋರೇ, ಬಿಲ್ಲು! ಕಾಲು ಭಾಗ ಇಳಿದಂಗಿದೆ!" ಕೂಗಿದ ಮೇಲೆ ನಾಲಗೆ ಕಚ್ಚಿಕೊಂಡರು. "ತಪ್ಪಾಯ್ತು ಸ್ವಾಮಿ, ಬಾಯಿಗೆ ಅಭ್ಯಾಸ."

ಬಿಲ್ಲಿನ ಮೇಲೆ ಮೊದಲ ಸಲ ನನ್ನ ಹೆಸರಿತ್ತು. ಅದೂ ಒಂದು ವರ್ಷಕ್ಕೆ ಬಿಳಿಯಾಗುತ್ತದೆ, ಆಗಲಿ.

"ಮುಂದಿನ ತಿಂಗಳೂ ಹಂಗೇ ಕೂಗು ನಾರಾಯಣಪ್ಪ," ಎಂದೆ.

ಅವರು ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಬೆಕ್ಕನ್ನು ದಾಟಿ, ಮೊದಲು ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಮತ್ತೊಮ್ಮೆ ಕೂಗಿದರು.

ನಾನು ಕೈಗೆ ಅಂಟಿದ್ದ ಹಿಟ್ಟನ್ನು ಒರೆಸಿಕೊಳ್ಳುತ್ತ, "ಬಂದೆ ಕಣಪ್ಪ," ಎಂದೆ.